ಹನ್ನೊಂದು ನಿಮಿಷದ ದನಿ

ಮಧ್ಯಾಹ್ನ ಒಂದೂವರೆಗೆ ಸಾವಿತ್ರಿಬಾಯಿ ಎಂದಿನಂತೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಮನೆಯ ಒಳಬಾಗಿಲಿನಿಂದ ಅಂಗಡಿಗೆ ಬಂದಾಗ ದುಡ್ಡಿನ ಗಲ್ಲೆಯ ಪಕ್ಕದ ಮೇಜಿನ ಕೆಳಗೆ ಕಂಪ್ಯೂಟರಿನ ಡಬ್ಬಿ ಇರಲಿಲ್ಲ. ಅದು ಇದ್ದ ಜಾಗದಲ್ಲಿ ಒಂದು ಚೌಕ ಮಾತ್ರ ಸ್ವಚ್ಛವಾಗಿ ಉಳಿದು ಸುತ್ತಲೂ ಜೋಳದ ಧೂಳು ಕೂತಿತ್ತು. ಮೇಜಿನ ಮೇಲೆ ಪರದೆ ಇತ್ತು, ಕೀಲಿಮಣೆ ಇತ್ತು. ಮೊಮ್ಮಗಳು ಸ್ನೇಹಲ ಬಿಟ್ಟುಹೋದ ಹೆಡ್‌ಫೋನು ಮೊಳೆಗೆ ತೂಗುತ್ತಿತ್ತು.

"ಮುಕ್ತಾ, ಡಬ್ಬಿ ಎಲ್ಲಿ ಹೋತ?"

ಮುಕ್ತಾಬಾಯಿ ಬಾಗಿಲ ಬಳಿ ಕೂತು ಮೊರದಲ್ಲಿ ತೊಗರಿ ಕೇರುತ್ತಿದ್ದಳು. ಇಪ್ಪತ್ತು ವರ್ಷದಿಂದ ಆ ಅಂಗಡಿಯ ಕಾಳು ಹಸನು ಮಾಡುವವಳು. "ನಿಲೇಶಣ್ಣ ಮುಂಜಾನೆ ಸೋಲಾಪುರಕ್ಕ ಒಯ್ದಾರ್ರಿ ಯವ್ವಾ. ಈಗೀಗ ಬಾಳ ಸುಸ್ತ ಆಗಿತ್ತಲ್ರಿ ಅದು? ಬಿಲ್ಲ ಬರೂತನಕ ಗಿರಾಕಿ ಹೋಗಿ ಚಾ ಕುಡದು ಬರ್ತಿದ್ರು. ಎಲ್ಲಾ ಅಳಸಿ ಹೊಸಾದು ಕುಂದರಸ್ತಾರಂತ್ರಿ."

"ಎಲ್ಲಾ ಅಳಸಿ?"

"ಹಂಗಂದ್ರಪ್ಪ."

ಮೊರ ನಿಂತಿತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು.

ಎರಡು ವರ್ಷದ ಹಿಂದೆ ಸಾವಿತ್ರಿಬಾಯಿಯ ಯಜಮಾನರಿಗೆ ಗಂಟಲಲ್ಲಿ ಗಂಟು ಬಂದಿತ್ತು. ದನಿಪೆಟ್ಟಿಗೆಯನ್ನೇ ತೆಗೆಯಬೇಕು ಎಂದು ಸೋಲಾಪುರದ ಡಾಕ್ಟರು ಹೇಳಿದರು. ಆಸ್ಪತ್ರೆಗೆ ಹೋಗುವ ಹಿಂದಿನ ದಿನ ಸ್ನೇಹಲ ಅಜ್ಜನನ್ನು ಈ ಕಂಪ್ಯೂಟರಿನ ಮುಂದೆ ಕೂರಿಸಿ, ಬಾಯಿಯ ಹತ್ತಿರ ಮೈಕು ಹಿಡಿದು, "ಅಜ್ಜಾ, ಏನರೆ ಮಾತಾಡು" ಎಂದಿದ್ದಳು. ಅಷ್ಟು ವರ್ಷ ಪೇಟೆಯೆಲ್ಲ ಕೇಳುವಂತೆ ಮಾತಾಡಿದ ಮನುಷ್ಯ ಆವತ್ತು ಏನು ಮಾತಾಡಬೇಕೆಂದು ತಿಳಿಯದೆ ತಡವರಿಸಿದರು. ಹೇಗೋ ಹನ್ನೊಂದು ನಿಮಿಷ ಆಯಿತು. ಅಂಗಡಿಯ ಗಡಿಬಿಡಿಯಲ್ಲಿ ಯಾರಾದರೂ ಅಳಿಸಿಬಿಟ್ಟಾರು ಎಂದು ಸ್ನೇಹಲ ಅದನ್ನು ಅದೇ ಕಂಪ್ಯೂಟರಿನಲ್ಲಿ ಬೇರೆ ಖಾತೆ ತೆರೆದು ಇಟ್ಟಳು. ಯಂತ್ರ ಹಚ್ಚಿದ ಕೂಡಲೆ ಎರಡು ಗುಂಡು ಚಿತ್ರ ಬರುತ್ತಿದ್ದವು, ಒಂದು ಅಂಗಡಿಯದು, ಒಂದು ಅಜ್ಜನ ಹೆಸರಿನದು. "ಇದು ಅಜ್ಜಾಂದು ಬ್ಯಾರೆ ಖೋಲಿ, ಆಯೀ. ಇದರಾಗ ಯಾರೂ ಬರೂದಿಲ್ಲ" ಎಂದು ಅಜ್ಜಿಗೆ ತೋರಿಸಿಕೊಟ್ಟಿದ್ದಳು.

ಆಪರೇಷನ್ ಆಗಿ ಮನೆಗೆ ಬಂದ ಮೇಲೆ, ಅಜ್ಜನಿಗೆ ಖುಷಿಯಾದೀತೆಂದು ಸ್ನೇಹಲಳೇ ಒಮ್ಮೆ ಅದನ್ನು ಹಚ್ಚಿದಳು. ಯಜಮಾನರು ಅರ್ಧ ನಿಮಿಷ ಕೇಳಿದರು. ಊಟದ ತಾಟು ಪಕ್ಕಕ್ಕೆ ಸರಿಸಿ ಎದ್ದುಹೋಗಿ, ಹಿಂದಿನ ಗೋದಾಮಿನಲ್ಲಿ ಚೀಲಗಳ ಮೇಲೆ ಮುಖ ಆ ಕಡೆ ಮಾಡಿ ಕೂತರು. ಆವತ್ತಿನಿಂದ ಮನೆಯಲ್ಲಿ ಯಾರೂ ಅವರ ಎದುರು ಅದರ ಮಾತು ತೆಗೆದಿರಲಿಲ್ಲ. ಗಂಟಲಿಗೆ ಹಿಡಿದು ಮಾತಾಡುವ ಯಂತ್ರವೊಂದನ್ನು ಮಗ ತಂದುಕೊಟ್ಟಿದ್ದ. ಅದರ ಗೊಗ್ಗರು ದನಿಯನ್ನು ಒಂದು ದಿನ ಕೇಳಿ ಅದನ್ನೂ ಕಪಾಟಿಗೆ ಸೇರಿಸಿದರು. ಬೇಕಾದ್ದನ್ನು ಚೀಟಿಯ ಮೇಲೆ ಬರೆಯುವರು. ಹೆಂಡತಿಯನ್ನು ಕರೆಯಬೇಕಾದರೆ ಗಲ್ಲೆಯ ಹಲಗೆಯನ್ನು ಬೆರಳಿನಿಂದ ಬಡಿಯುವರು.

ಸಾವಿತ್ರಿಬಾಯಿ ಮಾತ್ರ ದಿನಾ ಕೇಳುತ್ತಿದ್ದಳು. ಊಟವಾಗಿ ಯಜಮಾನರು ಒಳಗೆ ಅಡ್ಡಾದ ಹೊತ್ತು, ಪೇಟೆಯಲ್ಲಿ ಗಿರಾಕಿ ಇಲ್ಲದ ಹೊತ್ತು, ಹೆಡ್‌ಫೋನು ಹಾಕಿಕೊಂಡು ಎರಡನೆಯ ಚಿತ್ರ ಒತ್ತುವಳು. ಮುಕ್ತಾಬಾಯಿಗೆ ಯಾರೂ ಹೇಳಿರಲಿಲ್ಲ. ಆದರೆ ಆ ಹೊತ್ತಿಗೆ ಅವಳು ತನ್ನ ಮೊರವನ್ನು ಒಳಬಾಗಿಲು ಕಾಣುವ ಹಾಗೆ ತಿರುಗಿಸಿಕೊಂಡು ಕೂರುತ್ತಿದ್ದಳು; ಒಳಗೆ ಹೆಜ್ಜೆ ಸಪ್ಪಳವಾದರೆ ಕೆಮ್ಮುತ್ತಿದ್ದಳು. ಎರಡು ವರ್ಷದಲ್ಲಿ ಅದರ ಬಗ್ಗೆ ಇಬ್ಬರ ನಡುವೆ ಒಂದು ಮಾತೂ ಆಗಿರಲಿಲ್ಲ.

ಸಾವಿತ್ರಿಬಾಯಿ ತನ್ನ ಗುಂಡಿಯ ಫೋನು ತೆಗೆದು ಮಗನಿಗೆ ಹಚ್ಚಿದಳು. ಬಂದ್ ಇತ್ತು. ಡಬ್ಬಿ ಕೊಟ್ಟು ಹಾಗೆಯೇ ಕಂದಲಗಾಂವಕ್ಕೆ ಜೋಳ ನೋಡಲು ಹೋಗುವೆನೆಂದು ಮುಕ್ತಾಬಾಯಿಗೆ ಹೇಳಿದ್ದನಂತೆ. ಅವನ ಫೋನಿನಲ್ಲಿ ಎಂದೂ ಚಾರ್ಜು ಇರುವುದಿಲ್ಲ. ಸ್ನೇಹಲಳಿಗೆ ಕಾಲೇಜಿನಲ್ಲಿ ಪರೀಕ್ಷೆ. ಸೊಸೆ ಮನೀಷಾ ಶಾಲೆಯಲ್ಲಿ ಪಾಠ ಮಾಡುವವಳು. ಐದು ಗಂಟೆಯವರೆಗೆ ಅವಳ ಫೋನು ಬ್ಯಾಗಿನ ತಳದಲ್ಲಿ.

"ಯವ್ವಾ, ಟೀವಿ ಹಿಂದ ಒಂದ ಚೀಟಿ ಹಚ್ಯಾರ ನೋಡ್ರಿ" ಎಂದಳು ಮುಕ್ತಾಬಾಯಿ. ಪರದೆಗೆ ಅವಳು ಟೀವಿ ಎನ್ನುತ್ತಿದ್ದಳು. ಹಿಂದೆ ನೋಡಿದರೆ ಯೋಗಿರಾಜ ಕಂಪ್ಯೂಟರ್ಸ್, ಸೋಲಾಪುರ ಎಂದು ಮರಾಠಿಯಲ್ಲಿ ಬರೆದ ಚೀಟಿ. ಕೆಳಗೆ ನಂಬರು. ಮುಕ್ತಾಬಾಯಿ ಪರದೆಯನ್ನು ಬೆಳಕಿಗೆ ತಿರುಗಿಸಿ ಹಿಡಿದಳು, ಸಾವಿತ್ರಿಬಾಯಿ ಒಂದೊಂದೇ ಅಂಕಿ ಒತ್ತಿದಳು.

"ಹಾ, ಬೋಲಾ" ಎಂದು ಆ ಕಡೆಯಿಂದ ಯೋಗಿರಾಜನ ದನಿ ಮರಾಠಿಯಲ್ಲಿ ಬಂತು.

"ನಾ ಅಕ್ಕಲಕೋಟಿಂದ ಮಾತಾಡ್ತೀನಪಾ. ಸಿದ್ದರಾಮಪ್ಪ ಅಂಡ್ ಸನ್ಸ್. ನಿಲೇಶನ ತಾಯಿ."

"ಹಾಂ ಕಾಕೂ, ನಮಸ್ಕಾರ್ರಿ!" ದನಿ ತಕ್ಷಣ ಕನ್ನಡಕ್ಕೆ ಹೊರಳಿತು. "ನಿಮ್ಮ ಮಷೀನss ಟೇಬಲ್ ಮ್ಯಾಲೆ ಅದ. ಬಿಲ್ಲಿಂದು ಎಲ್ಲಾ ಕಾಪಿ ಮಾಡಿ ಇಟ್ಟೀನಿ, ಚಿಂತಿ ಮಾಡಬ್ಯಾಡ್ರಿ. ಈಗ ಊಟಾ ಮಾಡಿ ಬಂದು ಹೊಸ ವಿಂಡೋಸ್ ಹಾಕಾಕ ಹಚ್ಚತೀನಿ. ಸಂಜಿಗಿ ರೆಡಿ."

"ಹಚ್ಚಬ್ಯಾಡ! ನಿಂದರು. ಅದರಾಗ ಒಂದ ಖೋಲಿ ಅದ, ಅದನ್ನ ತಗದಿ ಏನು?"

"ಖೋಲಿ?"

ಸಾವಿತ್ರಿಬಾಯಿ ಎರಡು ಗುಂಡು ಚಿತ್ರದ ವಿಷಯ ಹೇಳಿದಳು.

"ಎರಡನೇದು ನಾ ನೋಡಿಲ್ಲ ಕಾಕೂ. ನಿಲೇಶಣ್ಣ ದುಕಾನದ್ದು ಅಷ್ಟ ಹೇಳಿದ್ರು. ಅದರಾಗ ಏನದ?"

"ದನಿ ಅದಪಾ. ನಮ್ಮ... ನಿಲೇಶನ ಅಪ್ಪಾರದು. ಈಗ ಅವರಿಗಿ ಮಾತಿಲ್ಲ. ಎಲ್ಲೀನೂ ಬ್ಯಾರೆ ಕಡಿ ಇಲ್ಲ ಅದು. ಅಲ್ಲೊಂದss."

ಆ ಕಡೆ ಕುರ್ಚಿ ಎಳೆದ ಸಪ್ಪಳ, ಊಟದ ಡಬ್ಬಿಯ ಮುಚ್ಚಳ ಹಾಕಿದ ಸಪ್ಪಳ. ಯೋಗಿರಾಜನ ದನಿ ಬದಲಾಗಿತ್ತು. "ಕಾಕೂ, ಖರೆ ಹೇಳ್ತೀನಿ, ಗಾಬರಿ ಆಗಬ್ಯಾಡ್ರಿ. ಮಷೀನಿನ ಒಳಗಿನ ಡಿಸ್ಕ್ ಹಳೇದಾಗ್ಯದ. ಮುಂಜಾನಿಂದ ಟಕ್ ಟಕ್ ಅನ್ನಾಕತ್ತದ. ಬಿಲ್ಲಿಂದು ತಗಿಯೂದ್ರಾಗ ಎರಡು ಸಲ ನಿಂತು ಬಿಟ್ಟಿತ್ತು. ಪೂರಾ ತೆರದು ಏನೇನದ ಅಂತ ನೋಡಾಕ ಹೋದ್ರ ಮಲಗಿ ಬಿಡ್ತದ, ಮತ್ತ ಏಳೂದಿಲ್ಲ. ಆದ್ರ ಹೆಸರು ಗೊತ್ತಿದ್ರ, ನಾ ಆ ಹೆಸರು ಹೊಡದು ಸೀದಾ ಅದೊಂದನ್ನ ಎಳಕೊಬೌದು. ಏನು ಹೆಸರಿಲೆ ಅದ?"

"ಅವರ ಹೆಸರಿಲೆ."

"ಅಂದ್ರ?"

"ನಿಲೇಶನ ಅಪ್ಪಾರ ಹೆಸರಿಲೆ."

"ಅದss ಕಾಕೂ, ಅವರ ಹೆಸರೇನು? ಸಿದ್ದರಾಮಪ್ಪ?"

"ಅಯ್ಯ, ಅದು ನಮ್ಮ ಮಾವನವರದು! ಬೋರ್ಡಿನ ಮ್ಯಾಲೆ ಅವರ ಹೆಸರು, ಮುಂದ ಅಂಡ್ ಸನ್ಸ್ ಅಂತ ಅದ ಅಲ್ಲ? ಆ ಸನ್ಸ್‌ದಾಗಿನವರು ಇವರು."

"ಸನ್ಸ್ ಅಂದ್ರ ನಿಲೇಶಣ್ಣ ಅಲ್ಲೇನ್ರಿ?"

"ಅವ ಇವರ ಮಗಾ."

ನಲವತ್ತೇಳು ವರ್ಷದ ಸಂಸಾರದಲ್ಲಿ, ಮದುವೆಯ ದಿನ ಬಿಟ್ಟರೆ, ಸಾವಿತ್ರಿಬಾಯಿ ಆ ಹೆಸರನ್ನು ಬಾಯಿಂದ ಆಡಿರಲಿಲ್ಲ. ಬ್ಯಾಂಕಿನಲ್ಲಿ ಕೇಳಿದರೆ ಬರೆದು ತೋರಿಸುತ್ತಿದ್ದಳು, ಆಸ್ಪತ್ರೆಯಲ್ಲಿ ಕೇಳಿದರೆ ಮಗನ ಕಡೆ ನೋಡುತ್ತಿದ್ದಳು. ಗಂಡನ ಹೆಸರು ಒಮ್ಮೆ ಬಾಯಿಗೆ ಬಂದರೆ ಅವನ ಆಯುಷ್ಯದಲ್ಲಿ ಒಂದು ದಿನ ಹೋದಂತೆ ಎಂದು ಅತ್ತೆ ಹೇಳಿದ್ದರು. ಸಾವಿತ್ರಿಬಾಯಿ ಮೆಟ್ರಿಕ್ ಓದಿದವಳು. ಹರೆಯದಲ್ಲಿ ಒಳಗೊಳಗೇ ನಕ್ಕಿದ್ದಳು ಕೂಡ. ಆದರೆ "ಐದು ವರ್ಷ ಕಾಯ್ದು ನೋಡೋಣ" ಎಂದು ಡಾಕ್ಟರು ಹೇಳಿದ ಮೇಲೆ ಒಂದು ದಿನವೆಂದರೆ ನಗುವ ಮಾತಾಗಿ ಉಳಿದಿರಲಿಲ್ಲ. ಬೇಕೆಂದೇ ಒಂದು ದಿನವನ್ನು ಹೇಗೆ ಕಳೆಯುವುದು?

ಅವಳು ಫೋನಿಗೆ ಕೈ ಮುಚ್ಚಿದಳು. "ಮುಕ್ತಾ, ನೀ ಹೇಳ ಬಾ. ನಿಮ್ಮ ಧಣಿ ಹೆಸರು ಹೇಳು ಇವಗ."

ಮುಕ್ತಾಬಾಯಿ ಎದ್ದು ಎರಡು ಹೆಜ್ಜೆ ಬಂದಳು. ಫೋನಿಗೆ ಕೈ ಚಾಚಿದಳು. ಅಷ್ಟರಲ್ಲಿ ಏನೋ ನೆನಪಾದಂತೆ ಕೈ ಹಿಂದಕ್ಕೆ ತೆಗೆದು ಬಾಯಿಗೆ ಸೆರಗು ಒತ್ತಿಕೊಂಡಳು.

"ಏನಾತs?"

"ನಮ್ಮನಿಯವರದೂ ಅದss ಹೆಸರ ಐತಲ್ರಿ ಯವ್ವಾ."

"ಅಯ್ಯ ನಿನ್ನ!"

"ನಾ ಏನ ಮಾಡ್ಲಿ? ಅವರವ್ವ ಇಟ್ಟಾಳ. ಈ ಸೀಮ್ಯಾಗ ಕಲ್ಲ ಒಗದ್ರ ಅದss ಹೆಸರಿನವರಿಗಿ ಬಡೀತೈತಿ."

ಫೋನಿನಲ್ಲಿ ಯೋಗಿರಾಜ ಎಲ್ಲ ಕೇಳಿಸಿಕೊಂಡಿದ್ದ. ಅವನು ನಗಲಿಲ್ಲ. ಬೇರೆ ಯಾವ ಹುಡುಗನಾಗಿದ್ದರೂ ನಕ್ಕು, ಅಥವಾ ರೇಗಿ, ನಿಮ್ಮ ಮಗ ಬಂದ ಮೇಲೆ ಮಾಡಿಸಿರಿ ಎಂದು ಫೋನು ಇಟ್ಟುಬಿಡುತ್ತಿದ್ದನೇನೋ. ಅವನು ಮೆಲ್ಲಗೆ ಹೇಳಿದ: "ಕಾಕೂ, ನಮ್ಮವ್ವನೂ ಹಿಂಗss. ರೇಶನ್ ದುಕಾನದಾಗ ನಮ್ಮಪ್ಪನ ಹೆಸರು ಕೇಳಿದ್ರ ಕಾರ್ಡು ಮುಂದ ಹಿಡೀತಾಳ. ಆದ್ರ ಲಗ್ನದಾಗ, ಕುಬಸದಾಗ ಎರಡ ಸಾಲಿನ ಒಡಪು ಕಟ್ಟಿ ಅದss ಹೆಸರು ಹೇಳ್ತಾಳ ನೋಡ್ರಿ, ಕೂಡಿದವರೆಲ್ಲಾ ಚಪ್ಪಾಳಿ ಹೊಡೀತಾರ. ಒಡಪಿನ್ಯಾಗ ಹೇಳಿದ್ರ ದೋಷಿಲ್ಲ, ಅದು ಶುಭ ಅಂತಾಳ. ನೀವೂ ಒಡಪು ಹೇಳ್ರಿ. ನಾ ಕೇಳ್ತೀನಿ. ಅವಸರಿಲ್ಲ."

ಅವಸರ ಇತ್ತು. ಅವನ ಮಾತಿನ ಹಿಂದೆ ಟಕ್, ಟಕ್ ಎಂಬ ಸಪ್ಪಳ ಸಾವಿತ್ರಿಬಾಯಿಗೂ ಕೇಳುತ್ತಿತ್ತು. ಆದರೂ ಅವಸರವಿಲ್ಲ ಎಂದನಲ್ಲ, ಅದಕ್ಕೆ ಅವಳ ಉಸಿರು ಕೊಂಚ ನೆಲೆಗೆ ಬಂತು.

ಮದುವೆಯಲ್ಲಿ ಹೇಳಿದ ಒಡಪನ್ನು ನೆನೆಸಿಕೊಳ್ಳಲು ನೋಡಿದಳು. ಬೆಳ್ಳಿ ಬಟ್ಟಲು, ದ್ರಾಕ್ಷಿ ಗೊಂಚಲು, ಏನೋ ಇತ್ತು, ಮುಂದಿನದು ಬರಲಿಲ್ಲ. ಕಣ್ಣೆದುರು ಮುಕ್ತಾಬಾಯಿಯ ಮೊರ ಬಿದ್ದಿತ್ತು, ಅದರ ಅಂಚಿಗೆ ಹೊಟ್ಟು, ನಡುವೆ ಕಾಳು. ಸಾವಿತ್ರಿಬಾಯಿ ತಲೆಯ ಮೇಲೆ ಸೆರಗು ಎಳೆದುಕೊಂಡು, ಫೋನನ್ನು ಎರಡೂ ಕೈಯಿಂದ ಹಿಡಿದು, ಹೊಸ ಮದುವಣಗಿತ್ತಿಯಂತೆ ನೆಲ ನೋಡುತ್ತ ಹೇಳಿದಳು:

"ಗಾಳಿಗಿ ತೂರಿದ ರಾಶ್ಯಾಗ ಹೊಟ್ಟು ಹಾರಿ ಕಾಳು ಉಳೀತು,
ಸಾತಲಿಂಗಪ್ಪರ ಮಾತು ಉಳದರ ನನ್ನ ಜೀವಾ ತಣೀತು."

ಫೋನಿನಲ್ಲಿ ಕೀಲಿ ಒತ್ತುವ ಸಪ್ಪಳ ಕೇಳಿತು. ಆಮೇಲೆ, "ಸಿಕ್ತು" ಎಂದ ಯೋಗಿರಾಜ. "ಒಂದss ಫೈಲ್ ಅದ. ಎಳ್ಯಾಕ ಹಚ್ಚೀನಿ. ಫೋನ್ ಇಡಬ್ಯಾಡ್ರಿ... ಅರ್ಧಾ ಬಂತು... ಹಾಂ... ನಿಂತದ ಕಾಕೂ."

ಸಾವಿತ್ರಿಬಾಯಿ ಗಲ್ಲೆಯ ಅಂಚನ್ನು ಹಿಡಿದುಕೊಂಡಳು.

"ಥಾಂಬಾ, ನಿಂದರ್ರಿ... ನಾ ಮುಟ್ಟೂದಿಲ್ಲ. ತಾನss ಏಳಲಿ... ಚಲೊ... ಚಲೊ... ಹಾಂ! ಬಂತು. ಪೂರಾ ಬಂತು ಕಾಕೂ. ಕೇಳ್ರಿ, ಸರಿ ಅದ ಏನಂತ ಹಚ್ಚಿ ತೋರಸ್ತೀನಿ."

ಗುಂಡಿಯ ಫೋನಿನ ದನಿ ಯಾವಾಗಲೂ ದೊಡ್ಡದು. ಅದರೊಳಗಿಂದ ಎರಡು ವರ್ಷ ಹಿಂದಿನ ಸಾತಲಿಂಗಪ್ಪ ಅಂಗಡಿ ತುಂಬ ಮಾತಾಡಿದರು: "ಏನ ಮಾತಾಡ್ಲೆವ್ವಾ?... ಬರ್ರಿ ಗೌಡ್ರ, ಬರ್ರಿ, ಕುಂದರ್ರಿ. ಮಾಲದಂಡಿ ಜ್ವಾಳ ನೋಡ್ರಿ, ಮುತ್ತಿನಂಗ ಐತಿ. ರೊಟ್ಟಿ ಬಡದ್ರ ಹಾಲಿನ ಕೆನಿ..."

ಮುಕ್ತಾಬಾಯಿ ಧಣಿಯ ದನಿ ಕೇಳಿದ ರೂಢಿಗೆ ಥಟ್ಟನೆ ನೆಟ್ಟಗೆ ನಿಂತು ಸೆರಗು ಸರಿಮಾಡಿಕೊಂಡಳು. ಮರುಗಳಿಗೆ ಅವಳಿಗೆ ತನ್ನ ಕೆಲಸ ನೆನಪಾಗಿ ಒಳಬಾಗಿಲ ಕಡೆ ನೋಡಿದಳು. ಕೆಮ್ಮಲು ಬಾಯಿ ತೆರೆದಳು. ತಡವಾಗಿತ್ತು.

ಸಾವಿತ್ರಿಬಾಯಿ ತಿರುಗಿದಳು. ಬಾಗಿಲಲ್ಲಿ ಸಾತಲಿಂಗಪ್ಪ ನಿಂತಿದ್ದರು. ಕೊರಳ ತೂತಿಗೆ ಕಟ್ಟುವ ಬಿಳಿ ಬಟ್ಟೆ ನಿದ್ದೆಯಲ್ಲಿ ಓರೆಯಾಗಿತ್ತು. ಎಷ್ಟು ಹೊತ್ತಿನಿಂದ ನಿಂತಿದ್ದರೋ. ಒಡಪು ಕೇಳಿದ್ದರೆಂದು ಅವರ ಮುಖದಿಂದಲೇ ತಿಳಿಯುತ್ತಿತ್ತು.

ಗೋದಾಮಿಗೆ ಹೋಗಿಬಿಡುತ್ತಾರೆ ಎಂದುಕೊಂಡಳು. ಫೋನು ಮುಚ್ಚಬೇಕೆನಿಸಿತು, ಮುಚ್ಚುವ ಗುಂಡಿ ಕೈಗೆ ಹತ್ತಲಿಲ್ಲ. ಫೋನಿನಲ್ಲಿ ಅವರು ಹುರಿಗಡಲೆ ಹೊಗಳುತ್ತಿದ್ದರು. ಸಾತಲಿಂಗಪ್ಪ ಹತ್ತಿರ ಬಂದು ಅವಳ ಕೈಯಿಂದ ಫೋನು ತೆಗೆದುಕೊಂಡು ತಮ್ಮ ಕಿವಿಗೆ ಹಿಡಿದರು. ಹಾಗೇ ಸ್ಟೂಲಿನ ಮೇಲೆ ಕೂತರು. ಯೋಗಿರಾಜ ತಾನಾಗಿ ನಿಲ್ಲಿಸಲಿಲ್ಲ, ಇವರೂ ಇಡಲಿಲ್ಲ. ಆ ಹುಡುಗನ ಊಟದ ಡಬ್ಬಿ ಅಷ್ಟು ಹೊತ್ತೂ ಮುಚ್ಚಿಕೊಂಡೇ ಇದ್ದಿರಬೇಕು.

ಮುಗಿದ ಮೇಲೆ ಸಾತಲಿಂಗಪ್ಪ ಫೋನು ಹೆಂಡತಿಯ ಕೈಗೆ ಕೊಟ್ಟು, ಪೊಟ್ಟಣ ಕಟ್ಟುವ ಕಾಗದದ ಚೂರು ಎಳೆದುಕೊಂಡು ಬರೆದರು. ಸಾವಿತ್ರಿಬಾಯಿ ಕನ್ನಡಕ ಹುಡುಕಿ ಓದಿದಳು.

"ಲಗ್ನದಾಗ ಹೇಳಿದ ಒಡಪು ಇಷ್ಟು ಚಲೋ ಇದ್ದಿಲ್ಲ."

ಅವಳಿಗೆ ಅಳುವೂ ನಗುವೂ ಒಟ್ಟಿಗೇ ಬಂದವು. "ನಿಮ್ಮದೊಂದು ದಿನ ಕಳದೆ ನಾ" ಎಂದಳು.

ಅವರು ಅದೇ ಕಾಗದ ತಿರುವಿ ಬರೆದರು: "ನಾನss ಕೊಟ್ಟೆ ಅನ್ಕೊ."

ಸಂಜೆ ಬಸ್ಸಿನಿಂದ ಇಳಿದ ನಿಲೇಶನಿಗೆ ತಾಯಿ ಬೈಯಬೇಕೆಂದಿದ್ದಳು, ಆದರೆ ಯೋಗಿರಾಜ ಅವನಿಗೆ ಆಗಲೇ ಎಲ್ಲ ಹೇಳಿದ್ದ. ನಿಲೇಶ ಅಂಗಡಿಯ ಮೆಟ್ಟಿಲ ಮೇಲೆಯೇ ನಿಂತು, "ಅವ್ವಾ, ಅದು ಸ್ನೇಹಲಳ ಫೋನಿನ್ಯಾಗ ಅದ ಅಂತ ತಿಳದಿದ್ನಿ" ಎಂದ, ಅಷ್ಟೇ. ಬೈಗುಳ ಅಲ್ಲಿಗೆ ನಿಂತಿತು. ಡಬ್ಬಿ ಬರಲು ಇನ್ನೆರಡು ದಿನ ಹಿಡಿಯಿತು. ಟಕ್ ಟಕ್ ಎನ್ನುವ ಡಿಸ್ಕು ತೆಗೆದು ಹೊಸದು ಹಾಕಬೇಕಾಯಿತು. ಅದರೊಂದಿಗೆ ಯೋಗಿರಾಜ ಒಂದು ಸಣ್ಣ ಪೆನ್‌ಡ್ರೈವನ್ನು ಔಷಧಿಯ ಖಾಲಿ ಡಬ್ಬಿಯಲ್ಲಿ ಹತ್ತಿ ಸುತ್ತಿ ಕಳಿಸಿದ್ದ. ಅದೇ ದನಿ ಅದರಲ್ಲೂ ಇತ್ತು. ಇನ್ನೊಂದು ತನ್ನ ಹತ್ತಿರವೇ ಇಟ್ಟುಕೊಂಡಿರುವೆನೆಂದೂ, ನಿಮ್ಮಲ್ಲಿ ಎಂದಾದರೂ ಕಳೆದುಹೋದರೆ ಒಂದು ಫೋನು ಸಾಕೆಂದೂ, ಒಡಪು ಹೇಳಬೇಕಾಗಿಲ್ಲವೆಂದೂ ನಿಲೇಶನ ಕೈಯಲ್ಲಿ ಹೇಳಿ ಕಳಿಸಿದ್ದ.

ಮರಳಿ ಬಂದ ಕಂಪ್ಯೂಟರಿನಲ್ಲಿ ಎರಡು ಗುಂಡು ಚಿತ್ರ ಇರಲಿಲ್ಲ. ಅಜ್ಜನ ದನಿ ಮೊದಲ ಪುಟದಲ್ಲೇ, ಬಿಲ್ಲಿನ ಗುರುತಿನ ಪಕ್ಕದಲ್ಲಿ, ಎಲ್ಲರ ಕಣ್ಣೆದುರು ಇತ್ತು. ಸಾವಿತ್ರಿಬಾಯಿಗೆ ಮಾತ್ರ ಅದು ಬಂದ ಮೇಲೂ ಒಂದೆರಡು ದಿನ ಮಧ್ಯಾಹ್ನ ಅಂಗಡಿಗೆ ಬರಲು ಸಂಕೋಚ. ಕದ್ದು ಕೇಳುತ್ತಿದ್ದುದು ಬಯಲಾದ ಮೇಲೆ ಎದುರಿಗೆ ಕೂತು ಕೇಳುವುದು ಹೇಗೆ?

ಗುರುವಾರ ಬಂತು. ಊರಿನ ಸ್ವಾಮಿಯ ಮಠಕ್ಕೆ ದರ್ಶನಕ್ಕೆಂದು ಬಂದವರಿಂದ ಪೇಟೆ ತುಂಬಿತ್ತು. ನಾಲ್ಕರ ಸುಮಾರಿಗೆ ಅವಳು ಅಡುಗೆಮನೆಯಲ್ಲಿ ಶೇಂಗಾ ಹುರಿಯುತ್ತಿದ್ದಳು. ಅಂಗಡಿಯಿಂದ ಗಟ್ಟಿಯಾಗಿ, ಪೇಟೆಯೆಲ್ಲ ಕೇಳುವಂತೆ, ಕರೆ ಬಂತು:

"ಏ, ಕೇಳಸ್ತೇನ? ಚಾ ಆತೇನ?"

"ಬಂದೆ, ಬಂದೆ! ಇಡಾಕತ್ತೀನಿ!" ಎಂದು ಸಾವಿತ್ರಿಬಾಯಿ ಕೂಗಿದಳು. ಕೂಗಿದ ಮೇಲೆ ಕೈಯಲ್ಲಿನ ಸವಟು ನಿಂತಿತು.

ಅದು ರೆಕಾರ್ಡಿನ ಒಂಬತ್ತನೆಯ ನಿಮಿಷದ ಮಾತು. ಇನ್ನೂ ಮಾತಾಡು ಎಂದು ಸ್ನೇಹಲ ಗಂಟುಬಿದ್ದಾಗ ಬೇಸತ್ತು ಒಳಗೆ ಕೂಗಿದ್ದು. ಅಷ್ಟನ್ನೇ ಬೇರೆ ಮಾಡಿ ಹಚ್ಚಬೇಕಾದರೆ ಅವರು ಎಲ್ಲವನ್ನೂ ಮೊದಲಿನಿಂದ ಎಷ್ಟು ಸಲ ಕೂತು ಕೇಳಿರಬೇಕು, ಅದೂ ಅವಳಿಗೆ ತಿಳಿಯದ ಹಾಗೆ. ಈ ಮುಕ್ತಾ ಅವರಿಗಾಗಿಯೂ ಕಾವಲು ಕೂತು ಕೆಮ್ಮುತ್ತಿದ್ದಳೇನೋ!

ಚಹಾ ಹಿಡಿದು ಹೊರಗೆ ಬಂದಾಗ ಸಾತಲಿಂಗಪ್ಪ ಮೌಸಿನ ಮೇಲೆ ಕೈಯಿಟ್ಟು, ಏನೂ ಅರಿಯದವರಂತೆ ರಸ್ತೆ ನೋಡುತ್ತಿದ್ದರು. ಮುಕ್ತಾಬಾಯಿಯ ಮೊರ ನಗುವಿಗೆ ಅಲುಗುತ್ತಿತ್ತು. ವಾಗದರಿಯಿಂದ ಬಂದ ಹಳೆಯ ಗಿರಾಕಿಯೊಬ್ಬರು ಬೆರಗಾಗಿ, "ಧಣ್ಯಾರ, ದನಿ ಹೊಳ್ಳಿ ಬಂತೇನ್ರಿ?" ಎನ್ನುತ್ತಿದ್ದರು.

ಉತ್ತರವಾಗಿ ಸಾತಲಿಂಗಪ್ಪ ಬೆರಳು ಒತ್ತಿದರು. "ಏ, ಕೇಳಸ್ತೇನ? ಚಾ ಆತೇನ?"

"ಎದುರಿಗೇ ನಿಂತೀನಲ್ಲ!" ಎಂದಳು ಸಾವಿತ್ರಿಬಾಯಿ. "ಒಮ್ಮಿ ಕರದ್ರ ಸಾಕು. ಕಿವುಡಿ ಅಲ್ಲ ನಾ."

ಕಪ್ಪು ಕೆಳಗಿಟ್ಟು ಒಳಗೆ ಹೋದಳು. ಹೋದವಳು ಅಡುಗೆಮನೆಗೆ ಹೋಗದೆ ಬಾಗಿಲ ಹಿಂದೆ ಗೋಡೆಗೆ ಆನಿಕೊಂಡು ನಿಂತಳು, ಇನ್ನೊಮ್ಮೆ ಕರೆಯುತ್ತಾರೇನೋ ಎಂದು.